ಹಿಂಬಾಗಿಲಿನ ಪೈ

ನಾರ್ಮನ್ ಸಗ್ಡನ್ ತೀರಿಕೊಂಡಾಗ ಊರಿನವರು ಅವನ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದರು. ಕುಡಿದು ಜಗಳ ಮಾಡಿದವನಲ್ಲ, ಯಾರ ತಂಟೆಗೂ ಹೋದವನಲ್ಲ, ಕಟ್ಟಿಕೊಂಡ ಹೆಂಡತಿಯನ್ನು ಅವನ ಹಾಗೆ ಹೊಗಳಿದ ಗಂಡ ಈ ಕಣಿವೆಯಲ್ಲೇ ಇನ್ನೊಬ್ಬನಿಲ್ಲ ಎಂದರು. ಎಲ್ಲವೂ ನಿಜ. ಸತ್ತವರ ಬಗ್ಗೆ ಹಗುರವಾಗಿ ಮಾತಾಡಬಾರದು ಎಂದು ನನಗೂ ಗೊತ್ತು. ಆದರೆ ನಲವತ್ತು ವರ್ಷ ಅವನ ಹೊಟ್ಟೆಗೆ ಹಾಕಿದವಳು ನಾನು. ನನಗೂ ಎರಡು ಮಾತು ಆಡುವ ಹಕ್ಕಿದೆ.

ನಾನು ಬೆರಿಲ್. ಹೋಲ್ಮ್‌ಗೇಟ್ ಊರಿನ ಬ್ಲೂ ಬೆಲ್ ಪಬ್ಬಿಗೆ ಇಪ್ಪತ್ತೊಂದನೇ ವಯಸ್ಸಿನಲ್ಲಿ ಡೆರಿಕ್‌ನ ಹೆಂಡತಿಯಾಗಿ ಬಂದೆ. ಅವನು ಮುಂದೆ ನಿಂತು ಬಿಯರ್ ತುಂಬಿಸುವವನು, ನಾನು ಹಿಂದೆ ನಿಂತು ಬೇಯಿಸುವವಳು. ಬಾಗಿಲ ಪಕ್ಕದ ಹಲಗೆಯ ಮೇಲೆ ‘ಮನೆಯ ಊಟದಂಥ ಊಟ’ ಎಂದು ಮಾವ ಬಣ್ಣದಲ್ಲಿ ಬರೆಸಿದ್ದರು. ಸೋಮವಾರ, ಹಿಂದಿನ ದಿನ ಉಳಿದ ಮಾಂಸದ ಜೊತೆ ಬಿಸಿ ಆಲೂಗಡ್ಡೆ, ಮಂಗಳವಾರ ಈರುಳ್ಳಿ ಹಾಕಿದ ಲಿವರ್, ಬುಧವಾರ ಸಾಸೇಜು, ಗುರುವಾರ ಪೈ, ಶುಕ್ರವಾರ ಮೀನು. ಗಿರಣಿಯಲ್ಲಿ ನೂಲು ಸುತ್ತುವ ಹುಡುಗಿಗೂ ಪಿಂಚಣಿಯ ಮುದುಕನಿಗೂ ಕೈಗೆಟುಕಬೇಕು, ತಟ್ಟೆ ತುಂಬಿರಬೇಕು, ತಿಂದು ಎದ್ದವನು ಬೆಲ್ಟನ್ನು ಒಂದು ತೂತು ಸಡಿಲಿಸಬೇಕು. ಅಷ್ಟೇ ನಮ್ಮ ಶಾಸ್ತ್ರ. ಈಗಿನ ಹೋಟೆಲುಗಳಲ್ಲಿ ಕಲ್ಲುಚಪ್ಪಡಿಯ ಮೇಲೆ ಮೂರು ಬಟಾಣಿ ಜೋಡಿಸಿ ತಂದಿಡುತ್ತಾರಲ್ಲ, ಅಂಥದ್ದನ್ನು ನಮ್ಮ ಮಾವನ ಮುಂದೆ ಇಟ್ಟಿದ್ದರೆ ಅದೇ ಚಪ್ಪಡಿಯಲ್ಲಿ ತಲೆಗೆ ಬಾರಿಸುತ್ತಿದ್ದರು.

ಗುರುವಾರದ ಪೈ ಎಂದರೆ ಮಾಂಸ ಮತ್ತು ಆಲೂಗಡ್ಡೆಯದು. ದನದ ಮಾಂಸದ ಗಟ್ಟಿ ತುಂಡುಗಳನ್ನು ಬುಧವಾರ ಸಂಜೆಯೇ ಸಣ್ಣ ಉರಿಯಲ್ಲಿ ಇಡಬೇಕು. ಬೆಳಿಗ್ಗೆ ಆಲೂಗಡ್ಡೆ, ಈರುಳ್ಳಿ, ಧಾರಾಳವಾಗಿ ಬಿಳಿ ಮೆಣಸಿನ ಪುಡಿ. ಮೇಲೆ ಹಂದಿಕೊಬ್ಬು ಹಾಕಿ ಕಲಸಿದ ಹಿಟ್ಟಿನ ಹೊದಿಕೆ ಮುಚ್ಚಿ, ಒಲೆಯೊಳಗಿಟ್ಟು ಕೆಂಪಗೆ ಬೇಯಿಸಬೇಕು. ಪಕ್ಕಕ್ಕೆ ಮುದ್ದೆಯಾಗುವ ಹಾಗೆ ಬೇಯಿಸಿದ ಬಟಾಣಿ, ವಿನೆಗರಿನಲ್ಲಿ ಹಾಕಿಟ್ಟ ಕೆಂಪು ಎಲೆಕೋಸು. ಹೇಳಿಕೊಟ್ಟವರು ಅತ್ತೆ. ಎರಡನೇ ವರ್ಷ ನಾನು ಮಾಡಿದ ಪೈಯನ್ನು ಒಂದು ತುತ್ತು ತಿಂದು, ಚಮಚ ಕೆಳಗಿಟ್ಟು, ಇನ್ನು ಮೇಲೆ ಇದನ್ನು ನೀನೇ ಮಾಡಮ್ಮ ಎಂದು ಏಪ್ರನ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಅವರು ಒಲೆಯ ಹತ್ತಿರ ಬರಲಿಲ್ಲ. ನನ್ನ ಬದುಕಿನಲ್ಲಿ ಸಿಕ್ಕಿದ ದೊಡ್ಡ ಸನ್ಮಾನ ಅದು.

ಗುರುವಾರ ನಮ್ಮ ಹಿಂಬಾಗಿಲಿಗೆ ಊರಿನ ಹೆಂಗಸರು ತಮ್ಮ ತಮ್ಮ ಮನೆಯ ಬೋಗುಣಿ ತರುವುದು ರೂಢಿ. ಬೆಳಿಗ್ಗೆ ಗಿರಣಿಗೆ ಹೋಗುವಾಗ ಖಾಲಿ ಬೋಗುಣಿ ಇಟ್ಟುಹೋಗುತ್ತಿದ್ದರು. ನಾನು ಅದರಲ್ಲಿ ಮಾಂಸ ತುಂಬಿ, ಹೊದಿಕೆ ಮುಚ್ಚಿ, ಅವರ ಮನೆತನದ ಮೊದಲ ಅಕ್ಷರವನ್ನು ಹಿಟ್ಟಿನಲ್ಲೇ ಕತ್ತರಿಸಿ ಮೇಲೆ ಅಂಟಿಸಿ ಬೇಯಿಸಿಡುತ್ತಿದ್ದೆ. ಒಬ್ಬರ ಬೋಗುಣಿ ಇನ್ನೊಬ್ಬರ ಮನೆಗೆ ಹೋಗಬಾರದಲ್ಲ. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ದಿನವಿಡೀ ಮಗ್ಗದ ಮುಂದೆ ನಿಂತವಳು ಬೆಂದ ಪೈ ಮನೆಗೆ ಒಯ್ದರೆ ಯಾರೂ ಮೂಗು ಮುರಿಯುತ್ತಿರಲಿಲ್ಲ. ಮುಚ್ಚಿಟ್ಟವಳು ಒಬ್ಬಳೇ, ನಾರ್ಮನ್‌ನ ಹೆಂಡತಿ ಐವಿ.

ನಾರ್ಮನ್‌ಗೆ ಗಿರಣಿಯಲ್ಲಿ ಬಟ್ಟೆ ನೋಡುವ ಕೆಲಸ. ನೇಯ್ದ ಉಣ್ಣೆಬಟ್ಟೆಯನ್ನು ಕಂಬಿಯ ಮೇಲಿಂದ ಇಳಿಬಿಟ್ಟು, ಬೆಳಕಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಆ ಗುರುತು ಕಂಡಲ್ಲಿ ಸೂಜಿ ಹಿಡಿದು ಎಳೆ ಸೇರಿಸುವ ಹೆಂಗಸರಲ್ಲಿ ಐವಿ ಒಬ್ಬಳು. ಅವನು ತಪ್ಪು ಹುಡುಕುತ್ತ, ಅವಳು ತಪ್ಪು ಮುಚ್ಚುತ್ತ, ಕೊನೆಗೆ ಮದುವೆಯಾದರು ಎಂದು ಗಿರಣಿಯವರು ತಮಾಷೆ ಮಾಡುತ್ತಿದ್ದರು. ಉದ್ದನೆಯ ಆಳು, ಕೋಟಿನ ಗುಂಡಿ ಒಂದನ್ನೂ ಬಿಡದೆ ಹಾಕಿಕೊಳ್ಳುವವನು. ನಗು ಕಡಿಮೆ. ನೋಟ ಮಾತ್ರ ಸೂಜಿಯ ಮೊನೆ. ನಮ್ಮ ಗ್ಲಾಸಿನಲ್ಲಿ ಒಂದು ಬೆರಳಚ್ಚು ಉಳಿದಿದ್ದರೂ ಹಿಂದಕ್ಕೆ ಕಳಿಸುತ್ತಿದ್ದ.

ಐವಿ ಮೊದಲ ಸಲ ನನ್ನ ಹಿಂಬಾಗಿಲಿಗೆ ಬಂದದ್ದು ಮದುವೆಯಾದ ಮೂರನೇ ತಿಂಗಳು. ಕೋಟಿನೊಳಗೆ ಬೋಗುಣಿ ಬಚ್ಚಿಟ್ಟುಕೊಂಡಿದ್ದಳು. ಸೂಜಿ ಹಿಡಿದರೆ ದೇವತೆ, ಹಿಟ್ಟು ಮುಟ್ಟಿದರೆ ಕಲ್ಲು, ಅಂಥ ಕೈ ಅವಳದು. ಅವಳು ಮಾಡಿದ ಪೈಯನ್ನು ಪಕ್ಕದ ಮನೆಯ ನಾಯಿಗೆ ಹಾಕಿದರೆ ಅದು ಹಿತ್ತಲಲ್ಲಿ ಗುಂಡಿ ತೋಡಿ ಹೂತು ಬಂತಂತೆ. ಹೇಳುತ್ತ ನಕ್ಕಳು, ನಗುತ್ತ ಅತ್ತಳು. ಅತ್ತೆ ದಿನಾ ಆಡಿಕೊಳ್ಳುತ್ತಾರೆ, ಗಂಡ ಮಾತಾಡದೆ ತಿಂದು ಏಳುತ್ತಾನೆ, ಆ ಮೌನವೇ ತಡೆಯಲಾಗುವುದಿಲ್ಲ ಎಂದಳು. ನಾನು ಕರಗಿಹೋದೆ. ನನಗೂ ಇಪ್ಪತ್ತಮೂರು, ಅವಳಿಗೂ ಇಪ್ಪತ್ತಮೂರು. ಅವಳ ಬೋಗುಣಿಗೆ ಅಕ್ಷರ ಬೇಡ, ಬೆಳಿಗ್ಗೆ ಯಾರೂ ಬರುವ ಮೊದಲೇ ಇಟ್ಟುಹೋಗುತ್ತಾಳೆ, ನಾಲ್ಕು ಗಂಟೆಗೆ ಸೂಜಿ ಕೆಲಸ ಮುಗಿಸಿ, ಮಗ್ಗದವರು ಹೊರಬೀಳುವ ಮೊದಲೇ ಒಯ್ಯುತ್ತಾಳೆ ಎಂದು ನಮ್ಮಿಬ್ಬರೊಳಗೆ ಒಪ್ಪಂದವಾಯಿತು. ಗೊತ್ತಿದ್ದವನು ಡೆರಿಕ್ ಒಬ್ಬನೇ. ಅವನಿಗೆ ಗ್ಲಾಸು ಒರೆಸುವುದರ ಹೊರತು ಬೇರೆ ಲೋಕವಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ನಾರ್ಮನ್ ಪ್ರತಿ ಶನಿವಾರ ಮಧ್ಯಾಹ್ನ ಬಂದು ಬೆಂಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ. ಒಂದು ಗ್ಲಾಸ್ ಬಿಯರ್, ಆ ದಿನ ಏನಿದೆಯೋ ಅದರದೊಂದು ತಟ್ಟೆ. ತಿಂದು, ಬಾಯಿ ಒರೆಸಿಕೊಂಡು, ನಾಲ್ಕು ಜನಕ್ಕೆ ಕೇಳುವ ಹಾಗೆ, ಪರವಾಗಿಲ್ಲ ಬೆರಿಲ್, ಹಸಿದವನಿಗೆ ಆಗುತ್ತದೆ, ಆದರೆ ಗುರುವಾರ ನಮ್ಮ ಐವಿ ಮಾಡುವ ಪೈ ತಿಂದ ನಾಲಿಗೆಗೆ ಇದೆಲ್ಲ ಎಲ್ಲಿ ಹತ್ತಬೇಕು ಎನ್ನುತ್ತಿದ್ದ. ಜನ ನಗುತ್ತಿದ್ದರು. ಬೆರಿಲ್, ಐವಿ ಹತ್ತಿರ ಹೋಗಿ ಒಂದು ದಿನ ಕಲಿತುಕೊಂಡು ಬಾ ಎಂದು ಕಿಚಾಯಿಸುತ್ತಿದ್ದರು. ನನ್ನ ಮೈಯೆಲ್ಲ ಉರಿದುಹೋಗುತ್ತಿತ್ತು. ಒಳಗೆ ಹೋಗಿ ಹಿಟ್ಟನ್ನು ಎತ್ತಿ ಎತ್ತಿ ಹಲಗೆಗೆ ಬಡಿಯುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಆದರೂ ಐವಿಯ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಗುರುವಾರ ನಾಲ್ಕು ಗಂಟೆಗೆ ಬಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಒಂದು ಕಪ್ ಟೀ ಕುಡಿದೇ ಹೋಗುತ್ತಿದ್ದಳು. ನಾರ್ಮನ್ ಹಾಗೆ ಅಂದನಂತೆ, ಕ್ಷಮಿಸು ಕಣೇ ಬೆರಿಲ್ ಎಂದು ನನ್ನ ಕೈ ಅದುಮುತ್ತಿದ್ದಳು. ನನ್ನ ಮದುವೆಯ ಕೋಟಿಗೆ ಇಲಿ ಕಚ್ಚಿ ತೂತು ಮಾಡಿದಾಗ, ತೂತು ಎಲ್ಲಿತ್ತು ಎಂದು ನನಗೇ ತಿಳಿಯದ ಹಾಗೆ ನೇಯ್ದು ಕೊಟ್ಟಳು. ಅಕ್ಕತಂಗಿಯರಿಲ್ಲದ ನನಗೆ ಆ ಮೆಟ್ಟಿಲಿನ ಕಾಲು ಗಂಟೆ ವಾರದ ಹಬ್ಬ.

ರಾಣಿಯ ಬೆಳ್ಳಿಹಬ್ಬದ ವರ್ಷ ನಮ್ಮ ಬೀದಿಯಲ್ಲಿ ಸಂತರ್ಪಣೆ ಇಟ್ಟುಕೊಂಡರು. ಉದ್ದಕ್ಕೆ ಮೇಜು, ಬಣ್ಣದ ಬಾವುಟ, ಹೆಂಗಸರಿಗೆ ಪೈ ಸ್ಪರ್ಧೆ. ನಾರ್ಮನ್ ಯಾರನ್ನೂ ಕೇಳದೆ ಐವಿಯ ಹೆಸರು ಬರೆಸಿಬಿಟ್ಟ. ಅವಳು ಬೆಳ್ಳಗಾಗಿ ನನ್ನ ಹತ್ತಿರ ಓಡಿ ಬಂದಳು. ಏನು ಮಾಡುವುದು? ನನ್ನ ಹೆಸರೂ ಪಟ್ಟಿಯಲ್ಲಿತ್ತು. ಒಂದೇ ಪಾತ್ರೆಯ ಮಾಂಸ, ಒಂದೇ ಮುದ್ದೆಯ ಹಿಟ್ಟು, ಒಂದೇ ಒಲೆ. ಒಂದು ನನ್ನ ಬೋಗುಣಿಗೆ, ಒಂದು ಅವಳ ಬೋಗುಣಿಗೆ. ಪಾದ್ರಿ ತೀರ್ಪುಗಾರ. ಎರಡನ್ನೂ ಚಪ್ಪರಿಸಿ, ಕಣ್ಣು ಮುಚ್ಚಿ, ಐವಿಗೆ ಮೊದಲನೇ ಬಹುಮಾನ, ನನಗೆ ಎರಡನೇದು ಕೊಟ್ಟರು. ಬೆರಿಲ್‌ಳ ಪೈ ಚೆನ್ನಾಗಿದೆ, ಆದರೆ ಅದರಲ್ಲಿ ಪಬ್ಬಿನ ರುಚಿ ಇದೆ, ಐವಿಯದರಲ್ಲಿ ಮನೆಯ ರುಚಿ ಇದೆ ಎಂದು ಮೇಲಿಂದ ವಿವರಣೆ ಬೇರೆ. ನನ್ನ ಕೈಯಲ್ಲಿ ನಾನೇ ಸೋತೆ. ನಾರ್ಮನ್ ಆ ಬೋಗುಣಿಯನ್ನು ಎತ್ತಿ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಮೆರವಣಿಗೆ ಹೋದ. ನನ್ನ ಮುಂದೆ ನಿಂತು, ಬೇಜಾರು ಮಾಡ್ಕೋಬೇಡ, ಎರಡನೇದೂ ಬಹುಮಾನವೇ ಎಂದ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಪಕ್ಕದ ಹಿತ್ತಲಿಗೆ ನೆಟ್ಟರೆ ಅದೇ ಗಿಡ ಮದ್ದಾಗುತ್ತದೆ ಎಂದು ಆ ದಿನ ತಿಳಿಯಿತು.

ನನ್ನ ಆಸೆ ದೊಡ್ಡದೇನಲ್ಲ. ಆ ಮನುಷ್ಯನ ಬಾಯಿಂದ ಒಂದೇ ಒಂದು ಸಲ, ‘ಬೆರಿಲ್, ನಿನ್ನ ಪೈ ಚೆನ್ನಾಗಿದೆ’ ಎಂದು ಕೇಳಬೇಕು. ಊರಿನ ನೂರು ಜನ ಹೊಗಳಿದರೂ ನನಗೆ ಅದು ತುಂಬಲಿಲ್ಲ. ಯಾಕೆಂದರೆ ನನ್ನ ಪೈಯನ್ನು ಅವನಷ್ಟು ಪ್ರೀತಿಯಿಂದ ತಿಂದವರು ಇನ್ನೊಬ್ಬರಿಲ್ಲ ಎಂದು ಐವಿಯೇ ಹೇಳುತ್ತಿದ್ದಳು. ಗುರುವಾರ ಸಂಜೆ ಬೋಗುಣಿಯ ಮುಂದೆ ಕೂತರೆ ಕೊನೆಯ ಗ್ರೇವಿಯನ್ನು ಬ್ರೆಡ್ಡಿನಲ್ಲಿ ಒರೆಸಿ, ಕಣ್ಣು ಅರ್ಧ ಮುಚ್ಚಿ, ಮಾತಿಲ್ಲದೆ ಕೂತಿರುತ್ತಿದ್ದನಂತೆ. ಆ ಮುಖವನ್ನು ನಾನು ನೋಡಲಿಲ್ಲ. ಅಡಿಗೆಯವಳಿಗೆ ಸಲ್ಲಬೇಕಾದ ಕೂಲಿ ಆ ಮುಖ. ಅದು ನಲವತ್ತು ವರ್ಷ ಬೇರೆ ಮನೆಯಲ್ಲಿ ಸಂದಾಯವಾಯಿತು.

ಗಿರಣಿ ಮುಚ್ಚಿತು. ಮಗ್ಗಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ಬೋಗುಣಿ ತರುವ ಹೆಂಗಸರು ಒಬ್ಬೊಬ್ಬರಾಗಿ ಕಡಿಮೆಯಾದರು. ಐವಿ ಮಾತ್ರ ತಪ್ಪಿಸಲಿಲ್ಲ. ನಾರ್ಮನ್ ಗುರುವಾರ ನಾಲ್ಕಕ್ಕೆ ತೋಟದ ಕೆಲಸವೆಂದು ಹೊರಗಿರುತ್ತಿದ್ದ, ಅವಳಿಗೆ ಅನುಕೂಲವೇ ಆಯಿತು. ಅವಳಿಗೆ ಅರವತ್ತಮೂರಾದಾಗ ಕಾಯಿಲೆ ಕಾಣಿಸಿಕೊಂಡಿತು. ನಡೆಯಲಾಗದ ಹೊತ್ತಿನಲ್ಲಿ ನಾನೇ ಪೈ ಒಯ್ದು ಅವರ ಹಿಂಬಾಗಿಲಲ್ಲಿ ಇಟ್ಟು ಬರುತ್ತಿದ್ದೆ. ಕಳ್ಳಿಯ ಹಾಗೆ, ನನ್ನದೇ ಪೈ ಹಿಡಿದುಕೊಂಡು.

ಆಸ್ಪತ್ರೆಯಲ್ಲಿ ಕೊನೆಯ ವಾರ ನನ್ನನ್ನು ಒಬ್ಬಳನ್ನೇ ಕರೆಸಿಕೊಂಡಳು. ಕೈ ಹಿಡಿದಳು. ಆ ಕೈಯಲ್ಲಿ ಮೂಳೆಯಷ್ಟೇ ಉಳಿದಿತ್ತು.

“ಅವನಿಗೆ ಹೇಳ್ಬೇಡ ಬೆರಿಲ್. ಯಾರಿಗೂ ಹೇಳ್ಬೇಡ. ನಾನು ಹೋದ ಮೇಲೆ ಅವನಿಗೆ ಉಳಿಯೋದು ಅದೊಂದೇ. ಅದೂ ಸುಳ್ಳು ಅಂತ ಗೊತ್ತಾದ್ರೆ ಅವನು ಬದುಕಲ್ಲ.”

ನಾನು ಮಾತು ಕೊಟ್ಟೆ. ಸಾಯುವವಳು ಕೇಳಿದರೆ ಯಾರು ಇಲ್ಲ ಎನ್ನುತ್ತಾರೆ?

ಐವಿ ಹೋದ ಮೇಲೆ ನಾರ್ಮನ್ ಎರಡು ತಿಂಗಳು ಹೊರಗೆ ಕಾಣಿಸಿಕೊಳ್ಳಲಿಲ್ಲ. ಬ್ರೆಡ್ಡು, ಡಬ್ಬಿಯ ಸೂಪು, ಅಷ್ಟರಲ್ಲೇ ದಿನ ದೂಡುತ್ತಿದ್ದಾನೆ ಎಂದು ಕೇಳಿ ನನ್ನ ಕರುಳು ಚುರ್ ಎಂದಿತು. ನಾನೇ ಹೋಗಿ ಗುರುವಾರ ಮಧ್ಯಾಹ್ನ ಊಟಕ್ಕೆ ಬಾ ಎಂದು ಕರೆದೆ. ಕರುಣೆಯೊಂದೇ ಎಂದರೆ ಸುಳ್ಳು ಹೇಳಿದಂತೆ. ಮಾತು ಕೊಟ್ಟಿದ್ದೆ, ಬಾಯಿ ಬಿಡುವ ಹಾಗಿರಲಿಲ್ಲ. ಆದರೆ ಪೈಗೆ ಬಾಯಿ ಇದೆಯಲ್ಲ, ಅದು ಮಾತಾಡಲಿ, ಅವನ ನಾಲಿಗೆಯೇ ಸಾಕ್ಷಿ ಹೇಳಲಿ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ.

ಬಂದ. ಕಪ್ಪು ಕೋಟು, ಎಲ್ಲ ಗುಂಡಿ ಹಾಕಿತ್ತು. ಗುರುವಾರ ಪಿಂಚಣಿಯವರ ದಿನ, ಇಪ್ಪತ್ತು ಜನರಿದ್ದರು. ತಟ್ಟೆ ನಾನೇ ಇಟ್ಟೆ, ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಮೊದಲ ತುತ್ತಿಗೆ ಅವನ ಕೈ ನಿಂತಿತು. ಎರಡನೇ ತುತ್ತಿಗೆ ಕಣ್ಣು ಅರ್ಧ ಮುಚ್ಚಿತು. ಐವಿ ಹೇಳುತ್ತಿದ್ದ ಆ ಮುಖವನ್ನು ಕೊನೆಗೂ ಕಂಡೆ. ನನಗೆ ಅಳು ಬಂತು. ತಟ್ಟೆಯ ಕೊನೆಯ ಗ್ರೇವಿಯನ್ನೂ ಬ್ರೆಡ್ಡಿನಲ್ಲಿ ಒರೆಸಿ ಮುಗಿಸಿ, ಫೋರ್ಕ್ ಕೆಳಗಿಟ್ಟು, ತಲೆ ಎತ್ತಿದ.

“ಇದು ಐವಿ ಪೈ,” ಎಂದ, ಎಲ್ಲರಿಗೂ ಕೇಳುವ ಹಾಗೆ. “ಸಾಯೋ ಮುಂಚೆ ನಿನಗೆ ಹೇಳಿಕೊಟ್ಟು ಹೋದ್ಲಲ್ವಾ, ಬೆರಿಲ್?”

ಇಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ಹೌದೆಂದರೆ ನನ್ನ ಬದುಕೇ ಸುಳ್ಳು, ಇಲ್ಲವೆಂದರೆ ಕೊಟ್ಟ ಮಾತು ಸುಳ್ಳು. ಸುಮ್ಮನಿದ್ದೆ. ಸುಮ್ಮನಿದ್ದರೆ ಅವನಾದರೂ ಅರ್ಥ ಮಾಡಿಕೊಳ್ಳಬಹುದು ಎಂದುಕೊಂಡೆ. ಅಷ್ಟರಲ್ಲಿ ಕೌಂಟರಿನ ಹಿಂದಿನಿಂದ ಡೆರಿಕ್‌ನ ಧ್ವನಿ ಕೇಳಿತು.

“ಹೌದು ನಾರ್ಮನ್. ಆಸ್ಪತ್ರೇಲಿ ಹೇಳಿಕೊಟ್ಲು.”

ನನ್ನ ಗಂಡ. ನಲವತ್ತು ವರ್ಷ ಬುಧವಾರ ಸಂಜೆ ನನ್ನ ಜೊತೆ ಕೂತು ಆಲೂಗಡ್ಡೆ ಸುಲಿದವನು. ಆ ದಿನ ಅಡಿಗೆಮನೆಯಲ್ಲಿ ನಾನು ಅವನಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವನು ಗ್ಲಾಸು ಒರೆಸುತ್ತಲೇ, ಹೆಂಡತಿ ಸತ್ತವನು ಕಣೇ, ಅಷ್ಟು ಹೇಳಿದರೆ ನಮ್ಮ ಗಂಟೇನು ಹೋಗುತ್ತದೆ ಎಂದ. ನಿನ್ನ ಗಂಟು ಹೋಗುವುದಿಲ್ಲ ಕಣಯ್ಯ, ಹೋಗುವುದು ನನ್ನದು ಎಂದೆ. ಅದು ಅವನಿಗೆ ತಿಳಿಯಲಿಲ್ಲ. ಒಳ್ಳೆಯತನ ಎಂದುಕೊಂಡೇ ಮಾಡಿದ್ದ ಮೂರ್ಖ.

ಸುದ್ದಿ ಹಬ್ಬಿತು. ಮುಂದಿನ ಗುರುವಾರ ಮೂವತ್ತು ಜನ, ಅದರ ಮುಂದಿನ ವಾರ ಐವತ್ತು. ದಿನದ ಊಟ ಬರೆಯುವ ಕಪ್ಪು ಹಲಗೆಯ ಮೇಲೆ ಡೆರಿಕ್ ‘ಐವಿ ಪೈ’ ಎಂದು ಬರೆದ, ನಾರ್ಮನ್ ಕೇಳಿಕೊಂಡನಂತೆ. ಮೂವತ್ತು ವರ್ಷದಿಂದ ಅದೇ ಪೈ ತಿನ್ನುತ್ತಿದ್ದ ಹಲ್ಲಿಲ್ಲದ ಬಾಯಿಗಳೆಲ್ಲ, ಈಗ ನೋಡು ಬೆರಿಲ್, ಈಗ ನಿನ್ನ ಕೈ ಪಳಗಿತು, ಮೊದಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ ಎಂದು ನನ್ನ ಬೆನ್ನು ತಟ್ಟಿದವು. ಒಂದು ಚಿಟಿಕೆ ಉಪ್ಪು ಕೂಡ ನಾನು ಬದಲಿಸಿರಲಿಲ್ಲ. ಜನರ ನಾಲಿಗೆ ಬಾಯಲ್ಲಿಲ್ಲ, ಕಿವಿಯಲ್ಲಿದೆ.

ಅಷ್ಟಕ್ಕೆ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ವರ್ಷ ತುಂಬುತ್ತ ಬಂದಾಗ ನಾರ್ಮನ್ ಹಿತ್ತಾಳೆಯ ಫಲಕ ಮಾಡಿಸಿದ. ‘ಐವಿ ಸಗ್ಡನ್, ಇವಳ ಕೈರುಚಿ ಈ ಅಡಿಗೆಮನೆಯಲ್ಲಿ ಬದುಕಿದೆ’ ಎಂದು ಕೆತ್ತಿಸಿ, ಗುರುವಾರ ಎಲ್ಲರೆದುರು ಗೋಡೆಗೆ ಹೊಡೆಯುವುದು ಎಂದು ಗೊತ್ತಾಯಿತು. ಪೇಟೆಯಿಂದ ಪತ್ರಿಕೆಯವನೊಬ್ಬ ಬರುವವನಿದ್ದ. ನನ್ನ ಅಡಿಗೆಮನೆ, ನನ್ನ ಗೋಡೆ. ಇದನ್ನು ಕೇಳಿದ ಬುಧವಾರ ಬೆಳಿಗ್ಗೆ ಏಪ್ರನ್ ಕೂಡ ಬಿಚ್ಚದೆ ಅವನ ಮನೆಗೆ ಹೋದೆ. ಸತ್ತವಳಿಗೆ ಕೊಟ್ಟ ಮಾತು ಮುರಿಯುವುದು ಪಾಪ ಎಂದು ಗೊತ್ತಿತ್ತು. ಅವನು ಒಡೆದುಹೋಗುತ್ತಾನೇನೋ ಎಂಬ ಭಯವೂ ಇತ್ತು. ದಾರಿಯಲ್ಲಿ ಎರಡು ಸಲ ನಿಂತೆ. ಆದರೂ ಹೋದೆ.

ಅವನು ನಲ್ಲಿಯ ಕೆಳಗೆ ಕೆಟಲ್ ಹಿಡಿದಿದ್ದ.

“ನಾರ್ಮನ್, ಕೂತ್ಕೊ. ಐವಿ ಒಂದು ದಿನಾನೂ ಪೈ ಮಾಡ್ಲಿಲ್ಲ. ಅದೆಲ್ಲ ನಾನು ಮಾಡಿದ್ದು.”

ಅವನು ನಲ್ಲಿ ನಿಲ್ಲಿಸಿದ. ಕೆಟಲನ್ನು ಒಲೆಯ ಮೇಲಿಟ್ಟ. ಕಡ್ಡಿ ಗೀರಿ ಹೊತ್ತಿಸಿದ.

“ಗೊತ್ತು,” ಎಂದ.

ಯಾವಾಗಿನಿಂದ ಎಂದು ಕೇಳಿದೆ. ಮೊದಲ ವಾರದಿಂದಲೇ ಎಂದ. ಬಟ್ಟೆ ನೋಡುವುದಕ್ಕೆ ಬೆಳಕು ಬೇಕು, ಅದಕ್ಕೆ ಗಿರಣಿಯಲ್ಲಿ ಅವನನ್ನು ಮೂರನೇ ಮಹಡಿಯ ಕಿಟಕಿಯ ಹತ್ತಿರ ನಿಲ್ಲಿಸಿದ್ದರಂತೆ. ಆ ಕಿಟಕಿಯಿಂದ ಕೆಳಗೆ ನಮ್ಮ ಹಿತ್ತಲು, ಹಿಂಬಾಗಿಲು, ಮೆಟ್ಟಿಲು ಎಲ್ಲ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತಂತೆ. ಹೆಂಡತಿ ಬೋಗುಣಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಳ್ಳುವುದನ್ನು ಅವನು ಪ್ರತಿ ಗುರುವಾರ ನೋಡಿದ್ದ.

“ಐವಿಗೆ ಗೊತ್ತಿತ್ತಾ, ನಿನಗೆ ಗೊತ್ತು ಅಂತ?”

“ಆ ವರ್ಷ ಕ್ರಿಸ್‌ಮಸ್ ಹೊತ್ತಿಗೆ ನಾನೇ ಕೇಳ್ದೆ. ಮೊದ್ಲು ಅತ್ಲು. ಆಮೇಲೆ ಇಬ್ರೂ ಕೂತ್ಕೊಂಡು ನಕ್ವಿ.”

ನಕ್ಕರಂತೆ. ನಾನು ಹಿಂಬಾಗಿಲು ಅರ್ಧ ತೆರೆದು, ಬೀದಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಇಣುಕಿ ಇಣುಕಿ ಬೋಗುಣಿ ಕೊಡುತ್ತಿದ್ದ ವರ್ಷಗಳಲ್ಲಿ, ಅವರಿಬ್ಬರು ಊಟದ ಮೇಜಿನಲ್ಲಿ ನಗುತ್ತಿದ್ದರು. ಮೆಟ್ಟಿಲ ಮೇಲೆ ಕೂತು, ನಾರ್ಮನ್ ಹಾಗೆ ಅಂದನಂತೆ, ಕ್ಷಮಿಸು ಕಣೇ ಎಂದು ನನ್ನ ಕೈ ಅದುಮಿದವಳು ಮನೆಗೆ ಹೋಗಿ ಅವನ ಜೊತೆ ಕೂತು ನಕ್ಕಳು. ಆಸ್ಪತ್ರೆಯ ಮಾತು ನೆನಪಾಯಿತು. ಹಾಗಾದರೆ ಸಾಯುವ ಹೊತ್ತಿನಲ್ಲಿ ಅವಳು ನನ್ನ ಕೈ ಹಿಡಿದು ಆಣೆ ಮಾಡಿಸಿಕೊಂಡದ್ದು ಯಾಕೆ ಎಂದು ಕೇಳಿದೆ.

“ಊರಿಗೆ ತಿಳೀಬಾರ್ದು ಅಂತ. ಊರವರ ಬಾಯಿಗೆ ಅವಳು ಹೆದರ್ತಿದ್ಲು. ನಾರ್ಮನ್ ಬದುಕಲ್ಲ ಅಂದ್ರೆ ನೀನು ಯಾರಿಗೂ ಬಾಯಿ ಬಿಡಲ್ಲ ಅಂತ ಅವಳಿಗೆ ಗೊತ್ತಿತ್ತು.” ಅವನು ಕಪ್ ಜೋಡಿಸುತ್ತಿದ್ದ. “ನೀನು ಒಳ್ಳೆಯವಳು ಬೆರಿಲ್. ಅವ್ಳು ಯಾವಾಗ್ಲೂ ಅನ್ನೋಳು.”

“ಬೆಳ್ಳಿಹಬ್ಬದ ದಿನ ನನ್ನ ಮುಂದೆ ನಿಂತು ಎರಡನೇದೂ ಬಹುಮಾನವೇ ಅಂದ್ಯಲ್ಲ. ಅವತ್ತೂ ಗೊತ್ತಿತ್ತಾ?”

“ಎರಡೂ ನಿಂದೇ ಅಲ್ವಾ. ಯಾವುದು ಗೆದ್ರೂ ನೀನೇ ಗೆದ್ದಂಗೆ ಅಂದ್ಕೊಂಡೆ.”

“ಮತ್ತೆ ಪ್ರತಿ ಶನಿವಾರ ಅಷ್ಟು ಜನರ ಮುಂದೆ ಹಾಗೆ ಅಂತಿದ್ಯಲ್ಲ, ನನಗೆ ಹೇಗಾಗುತ್ತೆ ಅಂತ ಒಂದು ದಿನಾನಾದ್ರೂ ಅನ್ನಿಸ್ಲಿಲ್ವಾ?”

ಅವನು ನಿಜವಾಗಿಯೂ ಯೋಚಿಸಿದ. ಬಟ್ಟೆಯಲ್ಲಿ ಎಳೆ ಹುಡುಕುವವನ ಹಾಗೆ ಹುಬ್ಬು ಗಂಟಿಕ್ಕಿ ಯೋಚಿಸಿದ. ಅದೇ ನನ್ನನ್ನು ಕೊಂದದ್ದು. ನಲವತ್ತು ವರ್ಷದಲ್ಲಿ ಮೊದಲ ಸಲ ಆ ಪ್ರಶ್ನೆ ಅವನಿಗೆ ಎದುರಾಗಿತ್ತು.

“ನಿನ್ನ ಹೊಗಳೋಕೆ ಊರೆಲ್ಲ ಇತ್ತು,” ಎಂದ. “ಅವಳಿಗೆ ನಾನೊಬ್ನೇ. ಅವಳು ನನ್ನ ಹೆಂಡ್ತಿ. ನೀನು ಪಬ್ಬಿನೋಳು.”

ಪಬ್ಬಿನವಳು. ಸರಿ. ನಾನು ಅಳಲಿಲ್ಲ, ಕೂಗಲೂ ಇಲ್ಲ. ಹೋಗಲಿ, ಪೈ ಹೇಗಿತ್ತು ಎಂದಾದರೂ ಹೇಳು, ಇಲ್ಲಿ ನಾವಿಬ್ಬರೇ ಇದ್ದೇವೆ, ಐವಿಯ ಮಾನಕ್ಕೇನೂ ಕುಂದಿಲ್ಲ, ನನ್ನ ಪೈ ಹೇಗಿತ್ತು ಎಂದು ಹೇಳು ಎಂದೆ. ಕೇಳುವಾಗ ನನಗೇ ನಾಚಿಕೆಯಾಯಿತು. ಅರವತ್ತನಾಲ್ಕು ವರ್ಷದ ಹೆಂಗಸು ಬೇಡಿ ಕೇಳುವ ಮಾತೇ ಅದು? ಅವನು ಕಪ್ಪಿಗೆ ಹಾಲು ಹಾಕಿದ. ಟೀ ಆರಿಹೋಗುತ್ತದೆ, ಕುಡಿ ಎಂದ.

ನಾನು ಕುಡಿಯದೆ ಎದ್ದು ಬಂದೆ.

ಆ ಸಂಜೆ ಮಾಂಸವನ್ನು ಒಲೆಯ ಮೇಲಿಡಲಿಲ್ಲ. ಡೆರಿಕ್ ಎರಡು ಸಲ ಬಂದು ಇಣುಕಿ ನೋಡಿ, ನನ್ನ ಮುಖ ಕಂಡು ಬಾಯಿ ಮುಚ್ಚಿಕೊಂಡು ಹೋದ. ಮರುದಿನ ಮಧ್ಯಾಹ್ನ ಕಾಲಿಡಲು ಜಾಗವಿರಲಿಲ್ಲ. ಪತ್ರಿಕೆಯವನು ಕ್ಯಾಮೆರಾ ಹಿಡಿದು ಬಂದಿದ್ದ. ನಾರ್ಮನ್ ಫಲಕವನ್ನು ಕಾಗದದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬೆಂಕಿಯ ಪಕ್ಕ ಕೂತಿದ್ದ. ನಾನು ಹೋಗಿ ಕಪ್ಪು ಹಲಗೆಯನ್ನು ಏಪ್ರನ್ನಿನ ತುದಿಯಿಂದ ಒರೆಸಿ, ‘ಲಿವರ್, ಈರುಳ್ಳಿ’ ಎಂದು ಬರೆದೆ. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗುಸುಗುಸು ಎದ್ದಿತು. ಪೈ ಎಲ್ಲಿ, ಪೈಗೆಂದೇ ಎರಡು ಬಸ್ಸು ಬದಲಿಸಿ ಬಂದಿದ್ದೇವೆ, ಇದೆಂಥ ತಮಾಷೆ ಎಂದರು.

“ಐವಿ ಹೋಗಿ ಒಂದು ವರ್ಷ ಆಯ್ತು,” ಎಂದೆ. “ಅವಳ ಪೈ ಇನ್ನೆಲ್ಲಿಂದ ಬರುತ್ತೆ? ನಾರ್ಮನ್‌ನ ಕೇಳಿ. ಅದು ಯಾರ ಪೈ ಅಂತ ಅವನು ಬಾಯಿ ಬಿಟ್ಟು ಹೇಳ್ಲಿ. ಹೇಳಿದ ತಕ್ಷಣ ಹಿಟ್ಟು ಕಲಸ್ತೀನಿ.”

ಊರಿನ ಮುಂದೆ ನಾನು ಗುಟ್ಟು ಹೇಳಲಿಲ್ಲ. ಕೊಟ್ಟ ಮಾತು ನನ್ನ ಕಡೆಯಿಂದ ಮುರಿಯಲಿಲ್ಲ. ಅವಳ ಗಂಡನ ಕೈಯಲ್ಲಿ ಇಟ್ಟೆ, ಅಷ್ಟೇ. ಎಲ್ಲರೂ ಅವನ ಕಡೆ ತಿರುಗಿದರು. ಅವನು ನನ್ನನ್ನೇ ನೋಡಿದ. ನಾನೇನು ಕೇಳುತ್ತಿದ್ದೇನೆ ಎಂದು ಆ ಕೋಣೆಯಲ್ಲಿ ಅವನಿಗೂ ಡೆರಿಕ್‌ಗೂ ಬಿಟ್ಟರೆ ಇನ್ನಾರಿಗೂ ತಿಳಿಯದು. ಎರಡೇ ಶಬ್ದ. ಬೆರಿಲ್‌ಳ ಪೈ.

“ಐವೀದು,” ಎಂದ ನಾರ್ಮನ್.

ಸರಿ ಹಾಗಾದರೆ, ಲಿವರ್ ತಣ್ಣಗಾಗುತ್ತದೆ, ಕೂತುಕೊಳ್ಳಿ ಎಂದು ಒಳಗೆ ಹೋದೆ. ಫಲಕವನ್ನು ಗೋಡೆಗೆ ಹೊಡೆದರು, ಫೋಟೋ ತೆಗೆದರು, ನಾನು ಹೊರಗೆ ಬರಲಿಲ್ಲ. ಬೆರಿಲ್‌ಗೆ ಹೊಟ್ಟೆಕಿಚ್ಚು, ಸತ್ತವಳ ಮೇಲೂ ಹೊಟ್ಟೆಕಿಚ್ಚು ಎಂದು ಊರು ಮಾತಾಡಿಕೊಂಡಿತು. ಗುರುವಾರದ ಜನ ಮತ್ತೆ ಹದಿನೈದಕ್ಕೆ ಇಳಿಯಿತು. ಡೆರಿಕ್ ಆ ವಿಷಯವನ್ನು ಸಾಯುವವರೆಗೂ ಎತ್ತಲಿಲ್ಲ. ಪೈ ಮಾಡುವುದನ್ನು ನಾನು ಆ ದಿನವೇ ಬಿಟ್ಟೆ. ನನಗೂ ಅದು ಇಷ್ಟವಾದ ತಿಂಡಿ, ಚಳಿ ಬಿದ್ದ ದಿನ ಬಾಯಲ್ಲಿ ನೀರೂರುತ್ತದೆ, ಆದರೆ ಕೈ ಏಳುವುದಿಲ್ಲ.

ನಾರ್ಮನ್ ಅದಾದ ಮೇಲೆ ಆರು ವರ್ಷ ಬದುಕಿದ. ಒಂದು ಗುರುವಾರವೂ ತಪ್ಪಿಸದೆ ಬಂದ. ಲಿವರ್ ಅವನಿಗೆ ಸೇರುತ್ತಿರಲಿಲ್ಲ, ಮೊದಲಿನಿಂದಲೂ ಸೇರುತ್ತಿರಲಿಲ್ಲ. ಆದರೂ ತಿಂದು, ಬಾಯಿ ಒರೆಸಿಕೊಂಡು, ಪರವಾಗಿಲ್ಲ ಬೆರಿಲ್ ಎಂದು ಎದ್ದುಹೋಗುತ್ತಿದ್ದ. ಪ್ರತಿ ಸಲ ಅವನ ಮುಂದೆ ತಟ್ಟೆ ಇಡುವಾಗ ಒಂದು ಉಸಿರು ಹೆಚ್ಚಿಗೆ ನಿಲ್ಲುತ್ತಿದ್ದೆ. ಮಾತಾಡಬೇಕೆನ್ನಿಸಿದರೆ ಆಡಲಿ ಎಂದು. ಅವನು ಉಪ್ಪಿನ ಡಬ್ಬಿಗೆ ಕೈ ಚಾಚುತ್ತಿದ್ದ.

ಕೊನೆಗೆ ಅವನನ್ನು ಅದೇ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದೆ. ಏನೂ ಒಳಗೆ ಇಳಿಯುತ್ತಿಲ್ಲ, ಏನಾದರೂ ಆಸೆಪಟ್ಟರೆ ತಂದುಕೊಡಿ ಎಂದು ನರ್ಸು ಹೇಳಿದಳು. ನನ್ನ ಹಟ ಕರಗಿತು. ಹಾಸಿಗೆಯ ಪಕ್ಕ ಕೂತು, ನಾಳೆ ಪೈ ಮಾಡಿ ತರುತ್ತೇನೆ, ತಿನ್ನುತ್ತೀಯಾ ಎಂದೆ. ಅವನ ಕಣ್ಣು ಅರಳಿತು. ಗಂಟಲು ಆಡಿದ್ದನ್ನು ನೋಡಿದೆ. ಆಸೆ ಇತ್ತು, ಆಣೆ ಮಾಡಿ ಹೇಳುತ್ತೇನೆ, ತುಂಬ ಆಸೆ ಇತ್ತು.

“ಯಾರ ಪೈ ತರ್ಲಿ, ನಾರ್ಮನ್?” ಎಂದೆ.

“ಬೇಡ ಬಿಡು,” ಎಂದು ಗೋಡೆಯ ಕಡೆ ಹೊರಳಿದ.